ಕೆಜಿಗೆ 3 ಗ್ರಾಂ ಪ್ರೋಟೀನ್ ಬಿಟ್ಟ ಮೇಲೆ ನನ್ನ ತೂಕ ಏರಿತು

ಜಿಮ್‌ಗೆ ಸೇರಿದಾಗ ನಾನು 62 ಕೆಜಿ ಇದ್ದೆ. ಮೊದಲ ವಾರವೇ ಅಲ್ಲಿನ ಟ್ರೈನರ್ ಹೇಳಿದರು: "ಬಾಡಿ ಬರಬೇಕು ಅಂದ್ರೆ ಕೆಜಿಗೆ 3 ಗ್ರಾಂ ಪ್ರೋಟೀನ್ ತಗೋ. ಅನ್ನ, ಮುದ್ದೆ ಎಲ್ಲಾ ಬಿಟ್ಬಿಡು."

ಅಂದರೆ ದೇಹದ ತೂಕದ ಪ್ರತಿ ಕೆಜಿಗೆ 3 ಗ್ರಾಂ, ಲೆಕ್ಕ ಹಾಕಿದರೆ ದಿನಕ್ಕೆ 186 ಗ್ರಾಂ. ಬೆಳಿಗ್ಗೆ ಹತ್ತು ಮೊಟ್ಟೆಯ ಬಿಳಿ, ಮೂರು ಸ್ಕೂಪ್ ವೇ ಪೌಡರ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ), ಮಧ್ಯಾಹ್ನ ರಾತ್ರಿ ಎರಡು ಹೊತ್ತೂ ಚಿಕನ್. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ತೂಕ 62.5ಕ್ಕೆ ಬಂತು, ಅಷ್ಟೇ. ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ಎತ್ತುವ ಭಾರ, 50 ಕೆಜಿಯಿಂದ ಮೇಲೆ ಹೋಗಲಿಲ್ಲ. ಹೊಟ್ಟೆ ಸದಾ ಉಬ್ಬರ. ಮೂರನೇ ಸೆಟ್‌ಗೆ ಬರುವಷ್ಟರಲ್ಲಿ ಕೈಕಾಲು ಸೋತು ಹೋಗುತ್ತಿತ್ತು.

ತಪ್ಪು ಎಲ್ಲಿ ಅಂತ ನಾನೇ ಹುಡುಕಲು ಕೂತೆ. 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಕಣ್ಣಿಗೆ ಬಿತ್ತು. ತೂಕ ಎತ್ತುವವರ ಮೇಲೆ ನಡೆದ 49 ಅಧ್ಯಯನ, 1,863 ಜನ. ದಿನಕ್ಕೆ ಕೆಜಿಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಪ್ರೋಟೀನ್ ಎಷ್ಟು ಜಾಸ್ತಿ ಮಾಡಿದರೂ ಸ್ನಾಯು ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಒಬ್ಬೊಬ್ಬರ ದೇಹ ಒಂದೊಂದು ಥರ ಅಲ್ವಾ, ಅದಕ್ಕೆ ಜಾಗ ಬಿಟ್ಟುಕೊಂಡರೂ ಮೇಲಿನ ಮಿತಿ 2.2 ಗ್ರಾಂ. ವ್ಯಾಯಾಮ ಮಾಡದ ಸಾಮಾನ್ಯ ಜನರಿಗೆ ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು 0.83 ಗ್ರಾಂ. ಅಂದರೆ ನಮಗೆ ಅದರ ಎರಡರಷ್ಟು ಬೇಕು, ನಾಲ್ಕರಷ್ಟು ಬೇಡ.

ನನ್ನ 62 ಕೆಜಿಗೆ 99 ಗ್ರಾಂ ಸಾಕಿತ್ತು. ಉಳಿದದ್ದನ್ನು ದೇಹ ಸ್ನಾಯುವಿಗೆ ಸೇರಿಸುತ್ತಿರಲಿಲ್ಲ, ಬಹುಪಾಲು ಸುಮ್ನೆ ಶಕ್ತಿಗೆ ಸುಡುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಪ್ರೋಟೀನ್ ತಿಂದರೆ ಬೇಗ ಹೊಟ್ಟೆ ತುಂಬುತ್ತದೆ. ಅದರ ಜೊತೆ ಅನ್ನ, ಮುದ್ದೆಯೂ ಇಲ್ಲ. ಇಡೀ ದಿನ ತಿಂದದ್ದು ಕೂಡಿಸಿದರೆ 2,000 ಕ್ಯಾಲೊರಿ ಆಸುಪಾಸು. ಇರುವ ತೂಕ ಉಳಿಸಿಕೊಳ್ಳಲು ಅಷ್ಟು ಆಗುತ್ತಿತ್ತು, ಹೊಸದಾಗಿ ಕಟ್ಟಲು ಏನೂ ಮಿಗುತ್ತಿರಲಿಲ್ಲ.

ಆಮೇಲೆ ಒಂದು ಅಡುಗೆ ತಕ್ಕಡಿ ತಂದೆ. ಮನೆ ಊಟದಲ್ಲಿ ನಿಜವಾಗಿ ಎಷ್ಟು ಪ್ರೋಟೀನ್ ಇದೆ ಅಂತ ತಿಳಿಯಬೇಕಿತ್ತು. ಅಮ್ಮ ಸಾರಿಗೆ ಬೇಳೆ ತೆಗೆಯುವಾಗ ತೂಗಿದೆ. ನಾಲ್ಕು ಜನಕ್ಕೆ 150 ಗ್ರಾಂ ತೊಗರಿಬೇಳೆ. ಅದರಲ್ಲಿ ಪ್ರೋಟೀನ್ 33 ಗ್ರಾಂ, ನನ್ನ ಪಾಲಿಗೆ ಬರುವುದು 8. ಒಂದು ಬಟ್ಟಲು ಸಾರಿಗೆ 20 ಗ್ರಾಂ ಅಂತ ಅಷ್ಟು ದಿನ ಬರೆದುಕೊಂಡಿದ್ದೆ! ಬಸ್ಸಾರಿನ ದಿನ ಇನ್ನೊಂದು ಗಮನಿಸಿದೆ. ಬೇಯಿಸಿ ಬಸಿದ ಕಾಳು, ಸೊಪ್ಪು ಹೋಗುವುದು ಪಲ್ಯಕ್ಕೆ. ಬರೀ ಸಾರು ಹಾಕಿಕೊಂಡು ಮುದ್ದೆ ನುಂಗಿದರೆ ಪ್ರೋಟೀನ್ ಬಹುಪಾಲು ಪಲ್ಯದ ಬಾಣಲೆಯಲ್ಲೇ ಉಳಿಯುತ್ತದೆ. ಅವತ್ತಿನಿಂದ ಪಲ್ಯ ಎರಡು ಸೌಟು ಜಾಸ್ತಿ ಹಾಕಿಸಿಕೊಳ್ಳುತ್ತೇನೆ.

ಮೊಟ್ಟೆ ವಿಷಯ ಅಮ್ಮ ಮೊದಲಿನಿಂದಲೂ ಹೇಳುತ್ತಿದ್ದರು. ದಿನಾ ಬೆಳಿಗ್ಗೆ ಹತ್ತು ಹಳದಿ ಪಾತ್ರೆಯಲ್ಲಿ ಉಳಿಯುವುದನ್ನು ನೋಡಿ, "ಅನ್ನ ಎಸೆದಂಗೆ ಅಲ್ವೇನೋ ಇದು" ಅನ್ನುತ್ತಿದ್ದರು. ಅವರು ಹೇಳಿದ್ದು ಸರಿ ಇತ್ತು. ಒಂದು ಮೊಟ್ಟೆಯ 6 ಗ್ರಾಂ ಪ್ರೋಟೀನ್‌ನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಹತ್ತಿರ ಹಳದಿಯಲ್ಲೇ ಇದೆ.

ಹೊಸ ಊಟ ಹೀಗೆ ಹೊಂದಿಸಿದೆ. ಬೆಳಿಗ್ಗೆ ನಾಲ್ಕು ಇಡೀ ಮೊಟ್ಟೆ, 24 ಗ್ರಾಂ. ದಿನಕ್ಕೆ ಅರ್ಧ ಲೀಟರ್ ಹಾಲು, 16. ಮಧ್ಯಾಹ್ನ ಅನ್ನ 7, ಸಾರು 8, ಮೊಸರು 6. ಸಂಜೆ ಜಿಮ್‌ಗೆ ಹೋಗುವ ಮುಂಚೆ ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, 7. ರಾತ್ರಿ 100 ಗ್ರಾಂ ಹಿಟ್ಟಿನ ಮುದ್ದೆ 7, ಜೊತೆಗೆ 50 ಗ್ರಾಂ ಸೋಯಾ ಚಂಕ್ಸ್, ಅದರಲ್ಲೇ 26. ಒಟ್ಟು 101 ಗ್ರಾಂ, ಪೌಡರ್ ಇಲ್ಲದೆ. ಭಾನುವಾರ ಸೋಯಾ ಬದಲು ಚಿಕನ್. ಕ್ಯಾಲೊರಿಯೂ 2,500ರ ಹತ್ತಿರ ಬಂತು.

ಸೋಯಾ ವಾಸನೆ ಅಂತ ತುಂಬಾ ಜನ ದೂರ ಇಡುತ್ತಾರೆ. ಉಪ್ಪು ಹಾಕಿ ಕುದಿಸಿದ ನೀರಲ್ಲಿ ಹತ್ತು ನಿಮಿಷ ಬಿಡಿ. ಗಟ್ಟಿಯಾಗಿ ಹಿಂಡಿ, ತಣ್ಣೀರಲ್ಲಿ ತೊಳೆದು ಮತ್ತೆ ಹಿಂಡಿ. ಎರಡನೇ ಸಲ ಹಿಂಡುವುದನ್ನು ಬಿಡಬೇಡಿ, ವಾಸನೆ ಹೋಗುವುದು ಅಲ್ಲೇ. ಆಮೇಲೆ ಕೋಳಿ ಸಾರಿನ ಮಸಾಲೆ ಹಾಕಿ ಬೇಯಿಸಿದರೆ ಮುದ್ದೆಗೆ ಚೆನ್ನಾಗಿ ಹೊಂದುತ್ತದೆ.

ವೇ ಪೌಡರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಚೀಸ್ ಮಾಡುವಾಗ ಉಳಿಯುವ ಹಾಲಿನ ತಿಳಿಯಿಂದ ತೆಗೆದದ್ದು ಅದು, ಹಾಲಿನ ಪ್ರೋಟೀನೇ. ಮೊಟ್ಟೆ ತಿನ್ನದವರಿಗೆ, ಹಾಸ್ಟೆಲ್‌ನಲ್ಲಿ ಇರುವವರಿಗೆ ಒಂದು ಸ್ಕೂಪ್ ನಿಜಕ್ಕೂ ಅನುಕೂಲ. ಮನೆ ಊಟದಲ್ಲೇ ಲೆಕ್ಕ ತುಂಬುವವರು ದುಡ್ಡು ಸುರಿಯಬೇಕಾಗಿಲ್ಲ. ಬಲ್ಕಿಂಗ್ (ಜಾಸ್ತಿ ತಿಂದು ತೂಕ, ಸ್ನಾಯು ಏರಿಸುವುದು) ಬಿಟ್ಟು ಕೊಬ್ಬು ಇಳಿಸುವ ಸಮಯದಲ್ಲಿ ಮಾತ್ರ ಪ್ರೋಟೀನ್ ಸ್ವಲ್ಪ ಏರಿಸುವುದು ಒಳ್ಳೆಯದು. ಊಟ ಕಡಿಮೆ ಆದಾಗ ಇರುವ ಸ್ನಾಯು ಕರಗದಂತೆ ಅದು ಕಾಯುತ್ತದೆ. ಕಿಡ್ನಿ ತೊಂದರೆ ಇರುವವರು ಈ ಯಾವ ಲೆಕ್ಕಕ್ಕೂ ಕೈ ಹಾಕುವ ಮುಂಚೆ ಡಾಕ್ಟರ್ ಹತ್ತಿರ ಕೇಳಲೇಬೇಕು.

ಎಂಟು ತಿಂಗಳಲ್ಲಿ 62.5ರಿಂದ 67.5 ಕೆಜಿಗೆ ಬಂದೆ. ಬೆಂಚ್ ಪ್ರೆಸ್ 70 ಕೆಜಿ, ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು) 95. ತೂಕ ಏರಿದ್ದಕ್ಕೆ ಹೊಸ ಲೆಕ್ಕ ಹಾಕಿದೆ, 108 ಗ್ರಾಂ ಬಂತು. ಬೆಳಗಿನ ಮೊಟ್ಟೆ ನಾಲ್ಕರಿಂದ ಐದು ಮಾಡಿಕೊಂಡೆ.