ಕಾರವಾರದ ಹಸಿ ಗಾಳಿಯಲ್ಲಿ ಸೀ ಹ್ಯಾರಿಯರ್‌ಗೆ ಬಣ್ಣ

ಮಳೆಗಾಲ ಬಂತೆಂದರೆ ನಮ್ಮ ಕೇರಿಯ ಹುಡುಗರು ಹಾಲಿನಲ್ಲಿ ಅದ್ದಿ ತೆಗೆದಂತಿರುವ ಪ್ಲಾಸ್ಟಿಕ್ ಮಾದರಿ ವಿಮಾನ ಹಿಡಿದು ಮನೆಗೆ ಬರುತ್ತಾರೆ. ಹೊಡೆದದ್ದು ಕಡು ಬೂದಿ ಬಣ್ಣ, ಕಾಣುವುದು ಬಿಳಿ ಮಬ್ಬು. ತಿಂಗಳುಗಟ್ಟಲೆ ಮಾಡಿದ ಕೆಲಸ ಹಾಗಾದದ್ದು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1:72 ಅಳತೆಯ, ಅಂದರೆ ನಿಜವಾದದ್ದಕ್ಕಿಂತ 72 ಪಟ್ಟು ಸಣ್ಣದಾದ, ಸೀ ಹ್ಯಾರಿಯರ್ ಯುದ್ಧವಿಮಾನದ ಕಿಟ್ ತೆಗೆದುಕೊಳ್ಳಿ. ನಿಜವಾದ ವಿಮಾನ ಹದಿನಾಲ್ಕೂವರೆ ಮೀಟರ್, ನಿಮ್ಮದು ಸುಮಾರು 20 ಸೆಂ.ಮೀ. ನಮ್ಮ ನೌಕಾಪಡೆಗೆ 1983ರಲ್ಲಿ ಬಂದು 2016ರ ಮೇ ತಿಂಗಳಲ್ಲಿ ನಿವೃತ್ತಿಯಾದ ವಿಮಾನ ಇದು. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಬ್ರಿಟಿಷರ ಎಫ್‌ಆರ್‌ಎಸ್ 1 ಕಿಟ್. ನಮ್ಮದು ಎಫ್‌ಆರ್‌ಎಸ್ 51. ಅದರಲ್ಲಿ ಅಮೆರಿಕದ ಸೈಡ್‌ವೈಂಡರ್ ಕ್ಷಿಪಣಿಯ ಬದಲು ಫ್ರಾನ್ಸಿನ ಮಾತ್ರಾ ಮ್ಯಾಜಿಕ್ ಕ್ಷಿಪಣಿ ಇರುತ್ತಿತ್ತು. ಮಿರಾಜ್ 2000 ಕಿಟ್ ಮಾಡಿದವರ ಹತ್ತಿರ ಮ್ಯಾಜಿಕ್ ಉಳಿದಿರುತ್ತದೆ, ಕೇಳಿ ತನ್ನಿ.

ಜೋಡಿಸುವುದು ಕಿಟ್‌ನ ಹಾಳೆಯಲ್ಲೇ ಇದೆ. ಭಾಗಗಳು ಕೂಡಿದ ಗೆರೆಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ವಾಟರ್ ಪೇಪರ್‌ನಿಂದ ಉಜ್ಜಿ. ಪೈಲಟ್ ಕೂರುವಲ್ಲಿನ ಗಾಜಿನಂಥ ಭಾಗಕ್ಕೆ ಮಾತ್ರ ಸೂಪರ್ ಗ್ಲೂ ಬೇಡವೇ ಬೇಡ, ಒಳಗೆಲ್ಲ ಬೆಳ್ಳಗೆ ಹೊಗೆ ಹಿಡಿಯುತ್ತದೆ. ಫೆವಿಕಾಲ್ ಸಾಕು.

ಈಗ ಬಣ್ಣ. ಲ್ಯಾಕರ್ ಅಂದರೆ ಥಿನ್ನರ್‌ನಲ್ಲಿ ಕರಗಿಸಿದ ಬಣ್ಣ. ಆ ಥಿನ್ನರ್ ಬೇಗ ಆರುತ್ತದೆ. ಆರುವಾಗ ಪ್ಲಾಸ್ಟಿಕ್‌ನ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣನೆ ಜಾಗದಲ್ಲಿ ಸಣ್ಣ ಹನಿಗಟ್ಟಿ ಬಣ್ಣದೊಳಗೇ ಸಿಕ್ಕಿಕೊಳ್ಳುತ್ತದೆ. ಬಿಳಿ ಮಬ್ಬು ಅಂದರೆ ಅದೇ. ಫ್ಯಾನ್ ಹಾಕಿದರೆ ಇನ್ನೂ ಬೇಗ ಆರಿ ಇನ್ನೂ ತಣ್ಣಗಾಗುತ್ತದೆ, ಮಬ್ಬೂ ಜಾಸ್ತಿ. ಈ ತಪ್ಪನ್ನೇ ಎಲ್ಲರೂ ಮಾಡುತ್ತಾರೆ.

ನನ್ನ ನಿಯಮ ಇಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸಿ, ಅಂಟಿಸಿ, ಉಜ್ಜಿ. ಲ್ಯಾಕರ್ ಬಣ್ಣ ದೀಪಾವಳಿ ಕಳೆದ ಮೇಲೆ. ಆಗಲೂ ಬೆಳಗಿನ ಇಬ್ಬನಿಯಲ್ಲಿ ಬೇಡ, ಬಿಸಿಲು ಏರಲಿ. ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ. ಅದು ಶೇಕಡಾ 70 ದಾಟಿದರೆ ನಾನು ಡಬ್ಬಿ ಮುಟ್ಟುವುದಿಲ್ಲ. ಸ್ಪ್ರೇ ಡಬ್ಬಿಯಾದರೆ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಒರೆಸಿಕೊಳ್ಳಿ. ಒಲೆಯ ಹತ್ತಿರ ಒಯ್ಯಲೇಬೇಡಿ. ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಏರ್‌ಬ್ರಷ್ ಆದರೆ ನಿಧಾನ ಆರಿಸುವ ರಿಟಾರ್ಡರ್ ಥಿನ್ನರ್ ಬಳಸಿ, ಗಾಳಿಯ ಪೈಪಿಗೆ ನೀರು ಹಿಡಿಯುವ ಬಟ್ಟಲು ಇರಲಿ.

ವಿಮಾನಕ್ಕೆ ಹೊಡೆಯುವ ಮೊದಲು ಭಾಗಗಳನ್ನು ಕತ್ತರಿಸಿ ಉಳಿದ ಪ್ಲಾಸ್ಟಿಕ್ ಕಡ್ಡಿಗೆ ಹೊಡೆಯಿರಿ. ಬೆಳಕಿಗೆ ಓರೆಯಾಗಿ ಹಿಡಿದು ಐದು ನಿಮಿಷ ನೋಡಿ. ಒದ್ದೆ ಹೊಳಪು ಹೋಗುವಾಗ ಅಂಚಿನಲ್ಲಿ ಗಂಜಿ ಕೆನೆಯಂಥ ಪೊರೆ ಕಂಡಿತೋ, ಅವತ್ತಿಗೆ ಕೆಲಸ ಬಂದ್. ಈಗಾಗಲೇ ಮಬ್ಬು ಹಿಡಿದಿದ್ದರೆ ಉಜ್ಜಿ ತೆಗೆಯಬೇಡಿ. ಒಣ ದಿನ ನೋಡಿ ಬರೀ ರಿಟಾರ್ಡರ್ ಥಿನ್ನರನ್ನು ದೂರದಿಂದ ಹಗುರಾಗಿ ಹೊಡೆಯಿರಿ. ಬಣ್ಣ ಮೆತ್ತಗಾಗಿ ಸಿಕ್ಕಿಕೊಂಡ ತೇವ ಹೊರಬರುತ್ತದೆ, ಮಬ್ಬು ಹೆಚ್ಚಾಗಿ ಹೋಗುತ್ತದೆ.

ಕಾಯಲು ಆಗದಿದ್ದರೆ ನೀರಿನ ಅಕ್ರಿಲಿಕ್ ಬಣ್ಣ ಹಚ್ಚಿ. ಒಣಗುವುದು ನಿಧಾನ, ಆದರೆ ಹೀಗೆ ಬೆಳ್ಳಗಾಗುವುದಿಲ್ಲ. ಬೈಕಿಗೆ ಹೊಡೆಯುವ ಸ್ಪ್ರೇ ಅಗ್ಗ ಅಂತ ತರಬೇಡಿ. ಅದರ ಥಿನ್ನರ್‌ಗೆ ಕಿಟ್‌ನ ಪ್ಲಾಸ್ಟಿಕ್ ಕರಗಿ ಸುಕ್ಕಾಗುತ್ತದೆ.

ಪ್ರೈಮರ್ ಎಂಬ ಅಡಿಬಣ್ಣ ಆದ ಮೇಲೆ ಮೊದಲು ಹೊಟ್ಟೆಯ ಭಾಗಕ್ಕೆ ಬಿಳಿ, ಟೇಪ್ ಹಚ್ಚಿ ಆಮೇಲೆ ಮೇಲ್ಭಾಗಕ್ಕೆ ಕಡು ಸಮುದ್ರ ಬೂದಿ. ನಮ್ಮಲ್ಲಿಗೆ ಬಂದ ಹೊಸತರಲ್ಲಿ ಇದ್ದ ಬಣ್ಣ ಇದೇ. ಬೂದಿಗೆ ನಾಲ್ಕು ಹನಿ ಬಿಳಿ ಬೆರೆಸಿ, ಇಲ್ಲದಿದ್ದರೆ ಇಷ್ಟು ಸಣ್ಣ ಮಾದರಿಯಲ್ಲಿ ಕಪ್ಪಾಗಿ ಕಾಣುತ್ತದೆ. ತಗಡಿನ ಸಂದಿಗಳಿಗೆಲ್ಲ ಕಪ್ಪು ಶಾಯಿ ತುಂಬುವ ಚಾಳಿ ನನಗೆ ಸೇರುವುದಿಲ್ಲ. ನಮ್ಮ ಕಡಲತೀರದಲ್ಲಿ ನೌಕಾಪಡೆಯ ಹಳೆಯ ವಿಮಾನ ಟುಪೊಲೆವ್ 142 ನಿಂತಿದೆಯಲ್ಲ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಸಂದಿ ಎಷ್ಟು ಕಾಣುತ್ತದೋ ಅಷ್ಟೇ ತೋರಿಸಿ.

ಡಿಕಾಲ್, ಅಂದರೆ ಗುರುತುಗಳ ತೆಳು ಅಂಟುಚಿತ್ರ, ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಕಡ್ಡಾಯ. ದೇಶದ ದುಂಡು ಗುರುತಿನಲ್ಲಿ ಕೇಸರಿ ಹೊರಗೆ, ಹಸಿರು ಒಳಗೆ, ಬಾಲದಲ್ಲಿ ಸ್ಕ್ವಾಡ್ರನ್‌ನ ಗುರುತಾದ ಬಿಳಿ ಹುಲಿ. ಎರಡು ದಿನ ಬಿಟ್ಟು ಮ್ಯಾಟ್ ವಾರ್ನಿಷ್, ಅದಕ್ಕೂ ಕಡ್ಡಿಯ ಪರೀಕ್ಷೆ ಮಾಡಿಯೇ. ಬಣ್ಣ ತಾಗದಂತೆ ಗಾಜಿನ ಭಾಗಕ್ಕೆ ಮೊದಲೇ ಹಚ್ಚಿದ ಟೇಪ್ ಕೀಳುವುದು ಆಮೇಲೆ.