ನೆಲಕ್ಕೆ ಹನಿ ಬೀಳದೆ ಖಾಲಿಯಾಗುತ್ತಿದ್ದ ಕೂಲೆಂಟ್

ಕಾರಿನ ಕೆಳಗೆ ಒಂದು ಹನಿಯೂ ಇಲ್ಲ, ಟ್ಯಾಂಕಿನಲ್ಲಿ ಮಾತ್ರ ಎಂಜಿನ್ ತಂಪಾಗಿಡುವ ಕೂಲೆಂಟ್ ಇಳಿಯುತ್ತಲೇ ಇದೆ ಎಂದರೆ ಬಹಳಷ್ಟು ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಒಂದೇ: "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸ್ಬೇಕು." ಹೆಡ್ ಅಂದರೆ ಎಂಜಿನ್ನಿನ ಮೇಲಿನ ಭಾಗ, ಗ್ಯಾಸ್ಕೆಟ್ ಅಂದರೆ ಅದರ ಕೆಳಗಿನ ಸಂದು ಮುಚ್ಚುವ ಹಾಳೆ. ನನಗೂ ಹಾಗೇ ಹೇಳಿದರು. ಇರಬಹುದು, ಆದರೆ ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಒಂದಾದರೂ ಪುರಾವೆ ಬೇಡವೇ? ಕಾರನ್ನು ಮನೆಗೆ ತಂದು ನಾನೇ ಹುಡುಕಲು ಕೂತೆ.

ಕಾರು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, ಸಿಲಿಂಡರಿಗೆ ಐದೈದು ವಾಲ್ವ್. ಯುರೋಪಿನಲ್ಲಿ ಈ ಗಾಡಿಗೆ 180 ಅಶ್ವಶಕ್ತಿ, ನಮ್ಮಲ್ಲಿಗೆ ಬಂದದ್ದು 150. ಆ ನೂರೈವತ್ತೇ ಶಿರಾಡಿ ಘಾಟಿ ಹತ್ತುವಾಗ ಮುಖದ ಮೇಲೆ ನಗು ತರಿಸುತ್ತದೆ. ಎರಡು ದಶಕ ಬಿಸಿ ತಿಂದ ರಬ್ಬರು, ಪ್ಲಾಸ್ಟಿಕ್ಕು, ವಾಷರುಗಳು ಹೊಸದರಂತೆ ಇರಲಿ ಎಂದು ಬಯಸುವುದು ಮಾತ್ರ ಅತಿಯಾಸೆ.

ಮೊದಲು ಮಾಡಿದ್ದು ಅಳತೆ. ಈ ಕಾರಿನಲ್ಲಿ ಹಿಡಿಸುವುದು ಸುಮಾರು 6 ಲೀಟರ್ ಕೂಲೆಂಟ್. ಬಿಸಿಯಾದಾಗ ಅದು ಹೆಚ್ಚುಕಡಿಮೆ ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಹೀಗಾಗಿ ಓಡಿಸಿ ಬಂದು ನೋಡಿದರೆ ಒಂದು ಮಟ್ಟ, ಬೆಳಿಗ್ಗೆ ನೋಡಿದರೆ ಇನ್ನೊಂದು. ರಾತ್ರಿಯೆಲ್ಲ ತಣ್ಣಗಾದ ಮೇಲೆ, ಅದೇ ಜಾಗದಲ್ಲಿ, ಅದೇ ಕೋನದಲ್ಲಿ ನಿಂತಾಗ ಟ್ಯಾಂಕಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯುತ್ತಾ ಹೋದೆ. ಪಕ್ಕದಲ್ಲೇ ಆ ದಿನ ಎಲ್ಲಿ, ಹೇಗೆ ಓಡಿಸಿದೆ ಎಂಬ ಟಿಪ್ಪಣಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದ ದಿನ ಗೆರೆ ಕದಲುತ್ತಿರಲಿಲ್ಲ. ಟರ್ಬೊದ ಪೂರ್ತಿ ಜೋರು ಸಿಗುವಂತೆ ಚೆನ್ನಾಗಿ ಬೂಸ್ಟ್ ಹೊಡೆದು, ಬಂದ ಕೂಡಲೇ ಆಫ್ ಮಾಡಿದ ದಿನ ಇಳಿಯುತ್ತಿತ್ತು. ಅರ್ಧ ಉತ್ತರ ಅಲ್ಲೇ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಕೂಲೆಂಟ್ ಹೋಗುವುದಕ್ಕೆ ದಾರಿಗಳು ಕೆಲವೇ. ಹೊರಗೆ ಸೋರಬೇಕು, ಇಲ್ಲವೇ ಸಿಲಿಂಡರಿಗೆ, ಆಯಿಲ್‌ಗೆ, ಹೀಟರ್ ಕೋರ್‌ನಿಂದ ಕ್ಯಾಬಿನ್ನಿಗೆ ಹೋಗಬೇಕು, ಅಥವಾ ಟ್ಯಾಂಕಿನ ಮುಚ್ಚಳದಿಂದ ಆವಿಯಾಗಿ ಹಾರಬೇಕು. ಕ್ಯಾಬಿನ್ ಬೇಗ ಮುಗಿಯಿತು: ಕಾರ್ಪೆಟ್ ಒಣಗಿತ್ತು, ಗಾಜಿನ ಮೇಲೆ ಜಿಡ್ಡಿನ ಮಂಜಿಲ್ಲ, ಹೀಟರ್ ಹಾಕಿದರೆ ಆ ಸಿಹಿ ವಾಸನೆಯಿಲ್ಲ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದಂಥ ಬಣ್ಣವೂ ಇಲ್ಲ. ಈ ಎಂಜಿನ್ನಿನಲ್ಲಿ ಆಯಿಲ್ ಫಿಲ್ಟರಿನ ಬುಡದಲ್ಲೇ ಕೂಲೆಂಟ್ ಹರಿಯುವ ಆಯಿಲ್ ಕೂಲರ್ ಇದೆ. ಅದು ಒಳಗೇ ಒಡೆದರೆ ಎಂಜಿನ್ ಓಡುವಾಗ ಆಯಿಲ್ ಒತ್ತಡವೇ ಹೆಚ್ಚಿರುವುದರಿಂದ ಮೊದಲು ಆಯಿಲ್ ಬಂದು ಟ್ಯಾಂಕಿನಲ್ಲಿ ತೇಲುತ್ತದೆ. ನನ್ನ ಟ್ಯಾಂಕಿನ ಗುಲಾಬಿ ದ್ರವ ಕನ್ನಡಿಯಷ್ಟು ಸ್ವಚ್ಛ.

ಹೆಡ್ ಗ್ಯಾಸ್ಕೆಟ್ಟಿನ ಅನುಮಾನಕ್ಕೆ ಮೂರು ಪರೀಕ್ಷೆ ಸಾಕು, ಮೂರಕ್ಕೂ ಹೆಡ್ ಮುಟ್ಟಬೇಕಾಗಿಲ್ಲ. ಒಂದು, ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡುವುದು. ಕೂಲೆಂಟ್ ಒಳಸೇರುವ ಸಿಲಿಂಡರಿನ ಪ್ಲಗ್ಗನ್ನು ಆವಿಯೇ ತೊಳೆದುಬಿಟ್ಟಿರುತ್ತದೆ. ಅದೊಂದೇ ವಿಚಿತ್ರವಾಗಿ ಬೆಳ್ಳಗಿರುತ್ತದೆ. ನನ್ನವು ನಾಲ್ಕೂ ಒಂದೇ ಕಂದು. ಎರಡು, ಟ್ಯಾಂಕಿನ ಬಾಯಿಗೆ ನೀಲಿ ದ್ರವದ ಗಾಜಿನ ಕೊಳವೆ ಇಟ್ಟು ಮೇಲಿನ ಗಾಳಿಯನ್ನು ಎಳೆಯುವುದು. ದಹನದ ಕಾರ್ಬನ್ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಯಾಗುತ್ತದೆ. ಆಗಲಿಲ್ಲ. ಮೂರು, ಮುಚ್ಚಳದ ಜಾಗದಲ್ಲಿ ಪ್ರೆಶರ್ ಟೆಸ್ಟರ್ ತಿರುಗಿಸಿ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಗೇಜ್ ನೋಡುವುದು. ಗ್ಯಾಸ್ಕೆಟ್ ಹೋಗಿದ್ದರೆ ನೀರು ಬಿಸಿಯಾಗುವ ಮೊದಲೇ ಮುಳ್ಳು ಜಿಗಿಯುತ್ತದೆ. ನನ್ನದು ಬಿಸಿ ಏರಿದಂತೆ ನಿಧಾನಕ್ಕೆ ಏರಿತು. ಇಷ್ಟಾದ ಮೇಲೂ ಹೆಡ್ ಬಿಚ್ಚೋಣ ಅನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಅದೇ ಟೆಸ್ಟರಿನಿಂದ ತಣ್ಣಗಿದ್ದಾಗ 1 ಬಾರ್ ಪಂಪ್ ಮಾಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹೆಚ್ಚುಕಡಿಮೆ ಅಲ್ಲೇ ಇತ್ತು. ವಾಟರ್ ಪಂಪ್ ಈ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟಿನ ಹಿಂದೆ ಅಡಗಿರುತ್ತದೆ, ಸೋರಿದರೆ ಕವರಿನ ಕೆಳಗೆ ಗುರುತು ಕಾಣಬೇಕು, ಕಾಣಲಿಲ್ಲ. ಹೆಡ್ಡಿನ ಪಕ್ಕದಲ್ಲಿ ಹೋಸು ಸೇರುವ ಪ್ಲಾಸ್ಟಿಕ್ ಫ್ಲೇಂಜು ಸೋರಿದರೆ ಗೇರ್‌ಬಾಕ್ಸಿನ ಮೇಲೆ ಗುಲಾಬಿ ಪುಡಿ ಕಟ್ಟಿರುತ್ತದೆ. ಅದೂ ಇಲ್ಲ.

ಉಳಿದದ್ದು ಮುಚ್ಚಳ. ಇದರ ವಾಲ್ವ್ 1.4ರಿಂದ 1.6 ಬಾರ್ ನಡುವೆ ತೆರೆದುಕೊಳ್ಳಬೇಕು. ಅಡಾಪ್ಟರಿಗೆ ಹಾಕಿ ಪಂಪ್ ಮಾಡಿದರೆ 1 ಬಾರ್ ದಾಟುವ ಮೊದಲೇ ಉಸ್ಸೆಂದಿತು. ಹೊಸದು ಹಾಕಿದೆ. ಆಮೇಲೆ ನಡೆದದ್ದು ಸ್ವಾರಸ್ಯ: ಗೆರೆ ಮೊದಲಿಗಿಂತ ಬೇಗ ಇಳಿಯತೊಡಗಿತು! ಗೆಳೆಯನೊಬ್ಬ ತಲೆ ಚಚ್ಚಿಕೊಂಡ, ನನಗಂತೂ ಖುಷಿ. ದುರ್ಬಲ ಮುಚ್ಚಳ ಒತ್ತಡವನ್ನು ಕಡಿಮೆಯಲ್ಲೇ ಬಿಟ್ಟುಬಿಡುತ್ತಿದ್ದರಿಂದ ಇನ್ನೆಲ್ಲೋ ಇದ್ದ ಸಂದು ಪೂರ್ತಿ ಬಾಯಿ ಬಿಟ್ಟಿರಲಿಲ್ಲ. ಸಿಸ್ಟಮ್ಮಿಗೆ ಸರಿಯಾದ ಒತ್ತಡ ಸಿಕ್ಕಿದ್ದೇ ತಡ, ಸೋರಿಕೆ ದೊಡ್ಡದಾಯಿತು. ದೊಡ್ಡ ಸೋರಿಕೆ ಹುಡುಕುವುದು ಸುಲಭ.

ಈಗ ಟಿಪ್ಪಣಿಗೆ ಮರಳಿದೆ. ಬೂಸ್ಟ್ ಹೊಡೆದು ಆಫ್ ಮಾಡಿದಾಗ ಮಾತ್ರ ಇಳಿಯುತ್ತದೆ. ಆ ಹೊತ್ತಿಗೆ ಅತಿ ಬಿಸಿಯಾಗಿರುವ ಭಾಗ, ಎಗ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ. ಅದರ ಬೇರಿಂಗ್ ಹೌಸಿಂಗಿನ ಸುತ್ತ ಕೂಲೆಂಟ್ ಹರಿಯುತ್ತದೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಎಗ್ಸಾಸ್ಟ್ ಕಡೆಯ ಕಬ್ಬಿಣದ ಬಿಸಿ ಮಾತ್ರ ಒಳಗೆ ಇಳಿಯುತ್ತಲೇ ಇರುತ್ತದೆ. ಅಲ್ಲಿನ ದ್ರವದ ತಾಪ, ಜೊತೆಗೆ ಇಡೀ ಸಿಸ್ಟಮ್ಮಿನ ಒತ್ತಡ, ಆಫ್ ಮಾಡಿದ ನಂತರದ ಕೆಲವು ನಿಮಿಷಗಳಲ್ಲಿ ಏರುತ್ತದೆ. ತಣ್ಣನೆಯ ಪರೀಕ್ಷೆ ಈ ಘಳಿಗೆಯನ್ನು ಎಂದೂ ತೋರಿಸಲಾರದು. ಅಲ್ಲಿ ಸೋರಿದ ಹನಿ ನೆಲ ಮುಟ್ಟುವುದೂ ಇಲ್ಲ. ಕಾದ ಕಾವಲಿಗೆ ಚಿಮುಕಿಸಿದ ನೀರಿನಂತೆ ಅಲ್ಲೇ ಆರುತ್ತದೆ.

ಆವಿ ಹಾರಿದರೂ ಬಣ್ಣ ಉಳಿಯುತ್ತದಲ್ಲ. ಕೂಲೆಂಟಿಗೆ ನೀಲಿ ಬೆಳಕಿನಲ್ಲಿ ಹೊಳೆಯುವ ಯುವಿ ಡೈ ಬೆರೆಸಿ, ನೈಸ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಕತ್ತಲಲ್ಲಿ ಬಾನೆಟ್ ಎತ್ತಿ ನೀಲಿ ಟಾರ್ಚ್ ಹಿಡಿದೆ. ಟರ್ಬೊ ಕೂತಿರುವುದು ಎಂಜಿನ್ನಿನ ಹಿಂದೆ, ಕ್ಯಾಬಿನ್ನಿನ ಮುಂದಿನ ಗೋಡೆಯಾದ ಫೈರ್‌ವಾಲ್ ಕಡೆಗೆ. ನೇರ ನೋಟಕ್ಕೆ ಸಿಗುವುದಿಲ್ಲ. ಉದ್ದ ಹಿಡಿಕೆಯ ಪುಟ್ಟ ಕನ್ನಡಿಯಲ್ಲಿ, ಹೀಟ್ ಶೀಲ್ಡಿನ ಅಂಚಿನಲ್ಲಿ, ಹಸಿರು ಹಳದಿಯ ಒಂದು ಎಳೆ ಹೊಳೆಯಿತು. ತಣ್ಣಗಾದ ಮೇಲೆ ಶೀಲ್ಡ್ ಬಿಚ್ಚಿದರೆ ಟರ್ಬೊದ ಕೂಲೆಂಟ್ ಪೈಪಿನ ಬ್ಯಾಂಜೊ ಬೋಲ್ಟಿನ (ಒಳಗೆ ದ್ರವ ಹರಿಯುವ ಟೊಳ್ಳು ಬೋಲ್ಟ್) ಸುತ್ತ ಗುಲಾಬಿ ಹರಳು ಗಟ್ಟಿಯಾಗಿ ಕೂತಿತ್ತು. ಹಿಂದೊಮ್ಮೆ, ಕಾರು ನನ್ನ ಕೈಗೆ ಬರುವ ಮೊದಲು, ಯಾರೋ ಅದನ್ನು ಬಿಚ್ಚಿ ಹಳೆಯ ತಾಮ್ರದ ವಾಷರುಗಳನ್ನೇ ಮತ್ತೆ ಹಾಕಿದ್ದರು. ಎರಡರ ಮೇಲೂ ಹಳೆಯ ಅಚ್ಚು, ಅದರ ಮೇಲೆ ಓರೆಯಾಗಿ ಹೊಸ ಅಚ್ಚು.

ಒಮ್ಮೆ ಅದುಮಿದ ತಾಮ್ರ ಗಡಸಾಗುತ್ತದೆ, ಮತ್ತೆ ಸಂದು ತುಂಬುವುದಿಲ್ಲ. ಕೆಂಪಗೆ ಕಾಯಿಸಿ ಆರಿಸಿದರೆ ಮೆದುವಾಗುತ್ತದೆ ನಿಜ, ಊರು ಬಿಟ್ಟು ಎಲ್ಲೋ ಸಿಕ್ಕಿಕೊಂಡಾಗ ಅದು ಸರಿ. ಬೆಂಗಳೂರಿನಲ್ಲಿದ್ದು, ಜೆ.ಸಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಹೊಸ ವಾಷರ್ ಸಿಗುವಾಗ ಆ ಸರ್ಕಸ್ಸು ಯಾಕೆ? ಟರ್ಬೊದ ಎರಡೂ ಕೂಲೆಂಟ್ ಪೈಪುಗಳಿಗೆ ಹೊಸದು ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿದೆ. ಕಣ್ಣಂದಾಜಿನಲ್ಲಿ ಬಿಗಿದು ಟರ್ಬೊದ ಥ್ರೆಡ್ ಕೀಳುವುದು ಬೇರೆಯೇ ಖರ್ಚು.

ತುಂಬುವಾಗ ಹಸಿರು, ನೀಲಿ ಸಿಕ್ಕಿದ್ದೆಲ್ಲ ಸುರಿಯಬೇಡಿ. ಈ ಕಾರಿನ ಗುಲಾಬಿ ಕೂಲೆಂಟ್ ಜಿ12ಕ್ಕೆ ಹಳೆಯ ನೀಲಿ ಹಸಿರು ಬೆರೆತರೆ ಕಂದು ಕೆಸರಾಗುತ್ತದೆ. ಏನಿದೆ ಎಂದು ಗೊತ್ತಿಲ್ಲದಿದ್ದರೆ ಪೂರ್ತಿ ತೊಳೆದು ಹೊಸದು ಹಾಕುವುದೇ ಕ್ಷೇಮ. ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ. ಬಕೆಟಿಗೆ ಇಳಿಸಿದ್ದನ್ನು ಅಂಗಳದಲ್ಲಿ ಬಿಡಬೇಡಿ, ರುಚಿ ಸಿಹಿ, ಬೀದಿನಾಯಿ ನೆಕ್ಕಿದರೆ ಸಾಯುತ್ತದೆ. ಮತ್ತೆ ಆ ಹೀಟ್ ಶೀಲ್ಡ್. ತುಕ್ಕು ಹಿಡಿದ ಬೋಲ್ಟಿನ ಜೊತೆ ಗುದ್ದಾಡಿ ಸುಸ್ತಾದ ಮೇಲೆ ಅದನ್ನು ಮೂಲೆಗೆ ಎಸೆದು ಬಾನೆಟ್ ಮುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಿಯೇ ಮುಚ್ಚಿ, ಇಲ್ಲದಿದ್ದರೆ ಪಕ್ಕದಲ್ಲೇ ಇರುವ ರಬ್ಬರ್ ಹೋಸು ಬೇಗ ಸುಟ್ಟು ಬಿರಿಯುತ್ತದೆ.