ಬೂಟು ಬೇಯಿಸಿದ್ದು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ನಮ್ಮ ಮಾವನ ಮಗನಿಗೆ ಗುಹೆ ಇಳಿಯುವ ಹುಚ್ಚು. ಈ ಸಲ ಚಿತ್ರದುರ್ಗಕ್ಕೆ ಬಂದವನು ಅಮೆರಿಕದ ಗುಹೆಗಳಲ್ಲಿ ಹಾಕಿ ತಿರುಗಿದ ಬೂಟನ್ನೇ ಮೆಟ್ಟಿಕೊಂಡು ಇಲ್ಲಿನ ಚಂದ್ರವಳ್ಳಿ ಗುಹೆಗೆ ಹೊರಟ. ನಾನು ತಡೆದೆ.

ಬಾವಲಿಗಳ ಬಿಳಿಮೂಗಿನ ರೋಗ ಅಮೆರಿಕದಲ್ಲಿ ಮೊದಲು ಕಂಡಿದ್ದು 2006ರಲ್ಲಿ, ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ. ಚಳಿನಿದ್ದೆಯಲ್ಲಿರುವ ಬಾವಲಿಯ ಮೂತಿ, ರೆಕ್ಕೆಗಳ ಮೇಲೆ ಬಿಳಿ ಬೂಷ್ಟು ಹಬ್ಬುತ್ತದೆ. ಪಾಪ, ಅದು ಮತ್ತೆ ಮತ್ತೆ ಎಚ್ಚರಗೊಂಡು, ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬನ್ನೆಲ್ಲ ಕರಗಿಸಿಕೊಂಡು ಸಾಯುತ್ತದೆ. ಹೀಗೆ ಸತ್ತವು ಲಕ್ಷಾಂತರ. ಯುರೋಪಿನ ಬಾವಲಿಗಳು ಇದೇ ಬೂಷ್ಟನ್ನು ತಾಳಿಕೊಂಡಿವೆ; ಅಲ್ಲಿಂದ ಅಟ್ಲಾಂಟಿಕ್ ದಾಟಿಸಿದ್ದು ಮನುಷ್ಯರೇ ಇರಬೇಕೆಂಬುದು ಬಲವಾದ ಊಹೆ. ಅದಕ್ಕೇ ನನಗೆ ಬೂಟಿನ ಮೇಲೆ ಕಣ್ಣು.

"ಈ ಸೆಕೇಲಿ ಅದು ಎಲ್ಲಿ ಬೆಳೆಯುತ್ತೋ?" ಅಂದ. ಮಾತೇನೋ ನಿಜ. ಅದಕ್ಕೆ 12ರಿಂದ 15 ಡಿಗ್ರಿಯ ತಂಪು ಹಿತ, 20 ದಾಟಿದರೆ ಬೆಳೆಯದು. ದುರ್ಗದ ಬಾವಲಿಗಳು ತಿಂಗಳುಗಟ್ಟಲೆ ಚಳಿನಿದ್ದೆ ಮಾಡುವುದೂ ಇಲ್ಲ. ಆದರೆ ಈ ಮಹಾಶಯ ಇಲ್ಲಿಂದ ಹಿಮಾಚಲಕ್ಕೆ ಹೋಗುವವನಿದ್ದ! ಬೂಷ್ಟಿನ ಬೀಜಕಣಗಳು ಬಾವಲಿ ಇಲ್ಲದ ಗುಹೆಯ ಮಣ್ಣಿನಲ್ಲೂ ವರ್ಷಗಟ್ಟಲೆ ಉಳಿಯುತ್ತವೆ.

ಮೊದಲು ಅಂಗಳದಲ್ಲಿ ಹಾಳೆ ಹಾಸಿ, ಅಟ್ಟೆಯ ಸಂದಿಯ ಒಣಮಣ್ಣನ್ನೆಲ್ಲ ಹಳೇ ಬ್ರಷ್ಷಿನಿಂದ ಕೆರೆದೆವು. ಮಣ್ಣು ಉಳಿದರೆ ಬಿಸಿನೀರು ಒಳಗೆ ಮುಟ್ಟುವುದಿಲ್ಲ. ಬಚ್ಚಲ ಹಂಡೆಯ ನೀರನ್ನು ಬಕೆಟ್ಟಿಗೆ ತೋಡಿ, ಥರ್ಮಾಮೀಟರ್ ಇಳಿಬಿಟ್ಟು, ಬೂಟು ತೇಲದಂತೆ ಮೇಲೊಂದು ಕಲ್ಲು ಹೇರಿದೆ. 55 ಡಿಗ್ರಿಗಿಂತ ಇಳಿಯಬಾರದು, 20 ನಿಮಿಷ. ಬಕೆಟ್ಟಿನ ನೀರು ನೋಡನೋಡುತ್ತಲೇ ಆರುತ್ತದೆ, ತಂಬಿಗೆ ತಂಬಿಗೆ ಸುರಿಯುತ್ತಲೇ ಇರಬೇಕು. ನಿಜವಾದ ಕೆಲಸ ಅದೇ. ಅಮ್ಮ ಇಣುಕಿ, "ಬೂಟು ಬೇಯ್ಸಿ ಸಾರು ಮಾಡ್ತೀರೇನ್ರೋ?" ಅಂದಳು. ಅಟ್ಟೆಯ ಅಂಟು ಬಿಡುತ್ತದೆಂದು ಅವನು ಹೆದರಿದ್ದ, ಬಿಡಲಿಲ್ಲ. ನೀರಿಗೆ ಹಾಕಲಾಗದ ಹೆಡ್‌ಲ್ಯಾಂಪನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆವು.

ಪಕ್ಕದ ಮನೆಯವರು ಬಾವಲಿ ರೋಗ ಎಂದು ಕೇಳಿದ್ದೇ ತಡ, ಮರದ ಬಾವಲಿಗಳನ್ನು ಓಡಿಸುವ ಮಾತೆತ್ತಿದರು. ಈ ಬೂಷ್ಟು ಮನುಷ್ಯರಿಗೆ ರೋಗ ತರುವುದಿಲ್ಲ, ಮರದಲ್ಲಿ ತೂಗುವ ಹಣ್ಣುಬಾವಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳುವಷ್ಟರಲ್ಲಿ ಸಾಕಾಯಿತು.

ಇಷ್ಟೆಲ್ಲ ಮಾಡಿಯೂ ಆ ಬೂಟನ್ನು ಗುಹೆಗೆ ಇಳಿಸಲು ನನಗೆ ಮನಸ್ಸಾಗಲಿಲ್ಲ. ಪೇಟೆಯಲ್ಲಿ ಅಗ್ಗದ ಕ್ಯಾನ್ವಾಸ್ ಶೂ ಕೊಡಿಸಿ ಚಂದ್ರವಳ್ಳಿಗೆ ಕರೆದೊಯ್ದೆ. ಹಿಮಾಚಲಕ್ಕೂ ಅಲ್ಲೇ ಒಂದು ಜೊತೆ ಕೊಳ್ಳುವುದಾಗಿ ಒಪ್ಪಿದ್ದಾನೆ.